ಮಂಚದ ಕೆಳಗಿನ ಮೀನು ಬುಟ್ಟಿ

ಊರಿನಲ್ಲಿ ನನಗಿರುವ ಹೆಸರು ‘ಗ್ಯಾನ ತಪ್ಪ್ಸು ಡಾಕ್ಟ್ರಮ್ಮ’. ಅರಿವಳಿಕೆ ತಜ್ಞೆ ಎಂದು ಬೋರ್ಡು ಹಾಕಿಕೊಳ್ಳೋಣವೆಂದರೆ ಸ್ವಂತ ಆಸ್ಪತ್ರೆಯೇ ಇರಲಿಲ್ಲ. ೧೯೯೭ರಿಂದ ಎಷ್ಟೋ ವರ್ಷ ಔಷಧ, ನಳಿಗೆ, ಬಿ.ಪಿ. ನೋಡುವ ಪಟ್ಟಿಗಳನ್ನು ಒಂದು ಚೀಲದಲ್ಲಿ ತುಂಬಿಕೊಂಡು ಬೆಳಿಗ್ಗೆ ಬ್ರಹ್ಮಾವರದಲ್ಲೊಂದು ಸಿಸೇರಿಯನ್, ಮಧ್ಯಾಹ್ನದೊಳಗೆ ಕುಂದಾಪುರದಲ್ಲೊಂದು ಹರ್ನಿಯಾ, ಬೈಂದೂರಿನಿಂದ ಫೋನು ಬಂದರೆ ಅಲ್ಲಿಗೆ ಎಂದು ತಿರುಗಿದವಳು ನಾನು. ಕೊಯ್ದು ಹೊಲಿದ ಸರ್ಜನ್ನರ ಹೆಸರು ರೋಗಿಯ ಮೊಮ್ಮಕ್ಕಳಿಗೂ ಗೊತ್ತಿರುತ್ತದೆ. ನಿದ್ದೆ ಮಾಡಿಸಿದವಳ ಮುಖ ಯಾರಿಗೂ ನೆನಪಿರುವುದಿಲ್ಲ. ಅವರ ತಪ್ಪೇನೂ ಇಲ್ಲ ಬಿಡಿ, ನಾನು ಕೆಲಸ ಮಾಡುವಾಗ ಅವರಿಗೆ ಎಚ್ಚರವೇ ಇರುವುದಿಲ್ಲವಲ್ಲ!

ನನಗೆ ಮಾತ್ರ ಅವರೆಲ್ಲ ನೆನಪಿರುತ್ತಾರೆ. ಕಂಡವರ ವಿಷಯಕ್ಕೆಲ್ಲ ಮೂಗು ತೂರಿಸುವುದು ನನ್ನ ಹುಟ್ಟುಗುಣ. ರೋಗಿಯನ್ನು ನೋಡಲು ಹೋದಾಗ ನಾನು ಕೇಳುವ ಮೊದಲ ಪ್ರಶ್ನೆ, “ಮನೆಯಲ್ಲಿ ಹೇಗೆ ಮಲಗುತ್ತೀರಿ?” ಎಂದು. ಸಕ್ಕರೆ ಕಾಯಿಲೆ, ದಮ್ಮು ಎಲ್ಲ ಆಮೇಲೆ. ಈ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಶಿರೂರು ಕಡೆಯ ಒಬ್ಬ ಮೀನು ಮಾರುವ ಹೆಂಗಸಿನಿಂದ.

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಕುಂದಾಪುರದ ಒಂದು ಸಣ್ಣ ಆಸ್ಪತ್ರೆಯ ಸರ್ಜನ್ ನನ್ನನ್ನು ಕರೆಸಿದ್ದರು. ನಲವತ್ತರ ಆಸುಪಾಸಿನ ಹೆಂಗಸು, ಅಂಡಾಶಯದಲ್ಲಿ ನೀರು ತುಂಬಿದ ಗಡ್ಡೆ. ಹೊಟ್ಟೆ ಎದೆಯ ತನಕ ಏರಿ ಕೂತಿತ್ತು. ಮೊದಮೊದಲು ಪೇಟೆಯಲ್ಲಿ ಮೀನು ಕೊಳ್ಳುವವರು “ಎಷ್ಟ್ ತಿಂಗ್ಳ್?” ಎಂದು ಕೇಳುತ್ತಿದ್ದರಂತೆ, ಇವಳೂ ನಗುತ್ತಿದ್ದಳಂತೆ. ವರ್ಷ ಕಳೆದ ಮೇಲೆ ಯಾರೂ ಕೇಳಲಿಲ್ಲ.

ಇಂಥ ಗಡ್ಡೆಯಿದ್ದವರಿಗೆ ಅಂಗಾತ ಮಲಗುವುದೇ ಗಂಡಾಂತರ. ಕಾಲಿನಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ರಕ್ತನಾಳ ಬೆನ್ನೆಲುಬಿನ ಮುಂದೆಯೇ ಇದೆ. ಗಡ್ಡೆಯ ಭಾರ ಅದರ ಮೇಲೆ ಬಿದ್ದರೆ ರಕ್ತ ಅಲ್ಲೇ ನಿಲ್ಲುತ್ತದೆ, ಬಿ.ಪಿ. ಕುಸಿಯುತ್ತದೆ. ಹಾಗಾಗಿ ಕೇಳಿದೆ, “ಮಲಗಲು ಕಷ್ಟವಾಗುತ್ತದೆಯೇ?”

ಉತ್ತರ ಕೊಟ್ಟದ್ದು ಪಕ್ಕದಲ್ಲಿ ನಿಂತಿದ್ದ ಅತ್ತೆ. “ಎಂತ ಕಷ್ಟವೂ ಇಲ್ಲೆ ಅಮ್ಮ. ಚಂದ ಮಲ್ಕಂತ್ಳ್.”

ಸೊಸೆಯೂ ತಲೆಯಾಡಿಸಿದಳು. “ಹೌದ್, ಚಂದ ಮಲ್ಕಂತೆ.”

ಇಬ್ಬರ ಬಾಯಲ್ಲೂ ಒಂದೇ ಮಾತು, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಅವಳು ಮಾತ್ರ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತೇ ಇದ್ದಳು. ತಲೆಯೊಳಗೆ ಹುಳ ಬಿಟ್ಟಂತಾಯಿತು. ಅವಳ ಮುಂಗೈ ತಿರುಗಿಸಿ ನೋಡಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚೌಕಚೌಕವಾಗಿ ಹೆಣೆದಂಥ ಕಲೆ. ಬಲಗೆನ್ನೆಯ ಮೇಲೂ ಅದೇ ಹೆಣಿಗೆ, ತೆಳ್ಳಗೆ.

ಅಷ್ಟರಲ್ಲಿ ನರ್ಸು ಬಂದು ಸಿಡುಕಿದಳು. “ನಿನ್ನೆಯಿಂದ ಈ ಕೋಣೆಯಲ್ಲಿ ಮೀನಿನ ವಾಸನೆ. ಆಸ್ಪತ್ರೆಗೆ ಯಾರಾದರೂ ಒಣಮೀನು ತರುತ್ತಾರಾ?” ಎನ್ನುತ್ತಾ ಬಗ್ಗಿ ಮಂಚದ ಕೆಳಗಿನ ಚಾದರ ಎಳೆದಳು. ಮೀನು ಇರಲಿಲ್ಲ. ಖಾಲಿ ಮೀನು ಬುಟ್ಟಿ ಇತ್ತು, ಬೋರಲಾಗಿ, ಅದರ ತಳದ ಮೇಲೆ ಮಡಚಿಟ್ಟ ಹಳೇ ಸೀರೆ.

ಅತ್ತೆ ಮುಖ ಆಚೆ ತಿರುಗಿಸಿದಳು. ಸೊಸೆಯ ಕಣ್ಣು ತುಂಬಿತು. ಎಂಟು ತಿಂಗಳಿಂದ ಆ ಬುಟ್ಟಿಯನ್ನು ಎದುರಿಗಿಟ್ಟುಕೊಂಡು, ಕೂತಲ್ಲೇ ಅದರ ಮೇಲೆ ಕೈ ಮತ್ತು ಕೆನ್ನೆ ಆನಿಸಿ ನಿದ್ದೆ ಮಾಡುತ್ತಿದ್ದಳಂತೆ. ಅದಿಲ್ಲದೆ ರೆಪ್ಪೆ ಮುಚ್ಚುವುದಿಲ್ಲವೆಂದು ಬಸ್ಸಿನಲ್ಲಿ ಹೊತ್ತು ತಂದಿದ್ದರು.

“ಮೊದಲೇ ಹೇಳಬಾರದಿತ್ತಾ?” ನನ್ನ ದನಿ ಏರಿತು.

“ಹ್ಯಾಂಗ್ ಹೇಳುದ್ ಅಮ್ಮ?” ಅತ್ತೆ ಎಂದಳು. “ಆಚಿ ಊರಗೆ ಸ್ಕ್ಯಾನಿಂಗಿಗೆ ಅಂಗಾತ ಮಲ್ಗ್ಸಿರ್. ಗ್ಯಾನ ತಪ್ಪಿ, ತುಟಿ ನೀಲಿ ಆಯ್ತ್. ‘ಇವ್ಳಿಗೆ ಆಪರೇಸನ್ ಆತಿಲ್ಲೆ, ಕರ್ಕಂಡ್ ಹೋಯ್ನಿ’ ಅಂದ್ ಕಳ್ಸಿರ್. ನೀವೂ ಕಳ್ಸುದ್ ಬ್ಯಾಡ ಅಂದೇಳಿ ಮನಿಯಗೇ ಮಾತಾಡ್ಕಂಡ್ ಬಂದದ್.”

ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಎನ್ನುತ್ತಾರೆ. ನಿಜ ಬಯಲಾದದ್ದಕ್ಕೆ ಒಮ್ಮೆ ಬಾಗಿಲು ಮುಚ್ಚಿಸಿಕೊಂಡವರು ಇನ್ನೇನು ಮಾಡಬೇಕು? ನನಗೆ ಸಿಟ್ಟು ಬಂದಿತ್ತು, ಅದು ಅವರ ಮೇಲಿಂದ ಇಳಿದು ನಮ್ಮ ವೈದ್ಯರ ಮೇಲೆ ಹೋಯಿತು. ಜೊತೆಗೆ ಹೆದರಿಕೆಯೂ ಆಯಿತು. ಆ ಬುಟ್ಟಿ ಸಿಗದೆ ಹೋಗಿದ್ದರೆ ಮರುದಿನ ನಾನೇ ಅವಳನ್ನು ಅಂಗಾತ ಮಲಗಿಸಿ ಔಷಧ ಕೊಡುತ್ತಿದ್ದೆ.

ಸರ್ಜನ್ ದೊಡ್ಡ ಆಸ್ಪತ್ರೆಗೆ ಕಳಿಸೋಣವೆಂದರು. ಸೊಸೆ ಖಡಾಖಂಡಿತವಾಗಿ ಒಲ್ಲೆ ಎಂದಳು, “ಆರೆ ಇಲ್ಲಿ, ಇಲ್ಲದಿರೆ ಮನಿಯಗೆ.” ಮನೆಗೆ ಹೋದರೆ ಹೆಚ್ಚು ದಿನ ಇಲ್ಲ ಎಂಬುದು ನನಗೂ ಸರ್ಜನ್ನರಿಗೂ ಗೊತ್ತಿತ್ತು. ರಕ್ತದ ಬಾಟಲಿಗಳನ್ನು ತರಿಸಿಟ್ಟುಕೊಂಡು ಎರಡು ದಿನ ಬಿಟ್ಟು ಮಾಡುವುದೆಂದಾಯಿತು. ಆ ಎರಡು ದಿನ ನಾನು ಅವಳ ನಿದ್ದೆಯ ಹಿಂದೆ ಬಿದ್ದೆ. ಬುಟ್ಟಿಯ ಮೇಲೆ ಹೇಗೆ ಒರಗುತ್ತಾಳೆ, ಯಾವ ಕಡೆ ವಾಲುತ್ತಾಳೆ, ಯಾವಾಗ ಉಸಿರು ಕಟ್ಟುತ್ತದೆ ಎಂದು ಮಧ್ಯಾಹ್ನವೆಲ್ಲ ಸ್ಟೂಲು ಹಾಕಿಕೊಂಡು ನೋಡಿದೆ. ಅವಳಿಗೆ ನಗು. “ನನ್ನ ಗಂಡನೂ ಇಷ್ಟ್ ಕಂಡದ್ದಿಲ್ಲೆ” ಎಂದಳು. ಅವಳು ವಾಲುತ್ತಿದ್ದದ್ದು ಬಲಗಡೆಗೆ.

ಇತ್ತ ಅತ್ತೆಗೆ ಬೇರೆಯೇ ಚಿಂತೆ. ಅವಳು ಊರಿನಲ್ಲಿ ಬಾಣಂತಿಯರಿಗೆ ನೀರು ಹಾಕಿ ಹೊಟ್ಟೆ ಕಟ್ಟುವವಳು. “ಅಮ್ಮ, ಇಷ್ಟ್ ದೊಡ್ಡ ಹೊಟ್ಟಿ ಒಂದೇ ಸಲ ಖಾಲಿ ಆರೆ ಒಳ್ಗೆ ಗಾಳಿ ಹೊಗತ್ತ್. ಬಾಣಂತಿಗೆ ಕಟ್ಟುವಾಂಗೆ ಕಟ್ಕ್. ನಾ ಸೀರೆ ತಂದಿದ್ದೆ.” ನರ್ಸು ಬಾಯಿಗೆ ಕೈ ಹಿಡಿದು ನಕ್ಕಳು. ನಾನು ನಗಲಿಲ್ಲ. ನನ್ನ ಎರಡನೇ ಹೆದರಿಕೆಯನ್ನೇ ಅವಳು ಹೇಳಿಬಿಟ್ಟಿದ್ದಳು. ಗಡ್ಡೆ ತೆಗೆದ ಕೂಡಲೇ ಅಷ್ಟು ದಿನ ಅದುಮಿದ್ದ ಹೊಟ್ಟೆಯ ರಕ್ತನಾಳಗಳು ಹಿಗ್ಗಿ ರಕ್ತವೆಲ್ಲ ಅಲ್ಲೇ ತಂಗುತ್ತದೆ, ಹೃದಯಕ್ಕೆ ಬರುವುದಿಲ್ಲ. ಅವಳು ಗಾಳಿ ಎಂದಳು, ನಮ್ಮ ಪುಸ್ತಕ ರಕ್ತ ಎನ್ನುತ್ತದೆ. ಮಾಡಬೇಕಾದ ಕೆಲಸ ಇಬ್ಬರಿಗೂ ಒಂದೇ. ಅಂಗಡಿಯಲ್ಲಿ ಸಿಗುವ ಹೊಟ್ಟೆಪಟ್ಟಿ ಅವಳ ಅಳತೆಗೆ ಇರಲೂ ಇಲ್ಲ. ಸೀರೆಯನ್ನು ಒಗೆದು, ಬಟ್ಟೆ ಬೇಯಿಸುವ ಯಂತ್ರಕ್ಕೆ ಹಾಕಲು ಹೇಳಿದೆ. ನರ್ಸಿನ ನಗು ನಿಂತಿತು.

ಆಪರೇಷನ್ನಿನ ದಿನ ಬೆಳಿಗ್ಗೆ ಮೇಜಿನ ತಲೆಯ ಭಾಗ ಏರಿಸಿ ಅವಳನ್ನು ಅರ್ಧ ಕೂರಿಸಿದೆವು. ಪುಸ್ತಕದಲ್ಲಿ ಎಡಕ್ಕೆ ವಾಲಿಸಿ ಎಂದಿದೆ. ಪುಸ್ತಕ ಓದಿದವಳ ಜಂಬ ನೋಡಿ, ಎರಡು ದಿನ ಕಣ್ಣಾರೆ ನೋಡಿಯೂ ಎಡಕ್ಕೇ ವಾಲಿಸಿದೆ. ನಿಮಿಷ ಕಳೆಯುವುದರೊಳಗೆ ನಾಡಿ ನನ್ನ ಬೆರಳಿನಡಿ ದಾರದಷ್ಟಾಯಿತು. ಅವಳು ಬೆವರುತ್ತ ನನ್ನ ಕೈ ಹಿಡಿದಳು. “ಆಚಿ ಬದಿ ಅಮ್ಮ... ಬುಟ್ಟಿ ಬದಿ.”

ಬಲಕ್ಕೆ ವಾಲಿಸಿದೆವು. ನಾಡಿ ಮರಳಿ ಬಂತು. ಯಾವ ಗಡ್ಡೆ ಯಾವ ಕಡೆ ಒತ್ತುತ್ತದೆ ಎಂಬುದನ್ನು ಹೊತ್ತವಳಷ್ಟು ಬಲ್ಲವರು ಯಾರು? ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸಿ, ಅವಳಿಗೆ ಎಚ್ಚರವಿದ್ದು ಅವಳ ಉಸಿರು ಅವಳ ಕೈಯಲ್ಲೇ ಇರುವಾಗ ಉಸಿರಿನ ನಳಿಗೆ ಇಳಿಸಿದೆ. ಆಮೇಲೆ ನಿದ್ದೆ ಕೊಟ್ಟೆ. ಸರ್ಜನ್ ಗಡ್ಡೆಗೆ ಸಣ್ಣ ತೂತು ಮಾಡಿ ನೀರು ಎಳೆಯತೊಡಗಿದರು. ಅವರಿಗೆ ಅವಸರ, ನನ್ನದು ಒಂದೇ ರಾಗ, “ನಿಧಾನ, ನಿಧಾನ.” ಬಕೆಟು ತುಂಬಿತು, ಇನ್ನೊಂದು ಬಂತು. ಕೊನೆಗೆ ಗಡ್ಡೆಯ ಖಾಲಿ ಚೀಲವನ್ನು ಹೊರಗೆತ್ತಿದಾಗ, ಅಷ್ಟು ಎಚ್ಚರ ವಹಿಸಿಯೂ, ಬಿ.ಪಿ. ಜಾರಿತು. ರಕ್ತ ಹರಿಸಿದೆ, ಔಷಧ ಹಾಕಿದೆ, ಸರ್ಜನ್ನರಿಗೆ ಎರಡು ಅಂಗೈಯಿಂದ ಹೊಟ್ಟೆ ಒತ್ತಿ ಹಿಡಿಯಲು ಹೇಳಿದೆ. ಬಿ.ಪಿ. ನಿಧಾನವಾಗಿ ಏರಿತು.

ಹೊಲಿಗೆಯ ಮೇಲೆ ಬ್ಯಾಂಡೇಜು ಹಾಕಿ, ಅತ್ತೆಗೆ ಗೌನು ತೊಡಿಸಿ ಒಳಗೆ ಕರೆಸಿದೆ. ಕೆಳಗಿನಿಂದ ಮೇಲಕ್ಕೆ, ಉಸಿರಿಗೆ ಜಾಗ ಬಿಟ್ಟು, ಹೇಗೆ ಸುತ್ತಿದಳು ಗೊತ್ತೇ! ಅಂಥ ಕಟ್ಟು ನಾನು ಕಾಲೇಜಿನಲ್ಲೂ ಕಂಡಿರಲಿಲ್ಲ.

ಗಡ್ಡೆ ಎಷ್ಟು ಭಾರವಿತ್ತು ಎಂದು ಆ ವಾರವೆಲ್ಲ ಕಂಡವರು ಕೇಳಿದರು. ಅವಳು ಹೇಗೆ ಮಲಗಿದ್ದಳು ಎಂದು ಒಬ್ಬರೂ ಕೇಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬೈಂದೂರಿನಿಂದ ಬರುವಾಗ ಅವಳನ್ನು ನೋಡಲು ಇಳಿದೆ. ಕೋಣೆಯ ಬಾಗಿಲಲ್ಲೇ ಅತ್ತೆ ನನ್ನ ಕೈ ಹಿಡಿದಳು. ಒಳಗೆ ಮಂಚದ ಮೇಲೆ ಸೊಸೆ ಅಂಗಾತ ಮಲಗಿದ್ದಳು, ಎರಡೂ ಕೈ ಆಚೆ ಈಚೆ ಚಾಚಿ, ಬಾಯಿ ಅರೆ ತೆರೆದು.

“ಅಮ್ಮ, ಒಂದ್ ಗಳ್ಗಿ ಆಯ್ತ್ ಹಿಂಗೇ ಬಿದ್ಕಂಡಿತ್ಳ್,” ಅತ್ತೆ ಪಿಸುಗುಟ್ಟಿದಳು. “ಮುಟ್ಟುಕೆ ಹೆದ್ರಿಕಿ. ಗ್ಯಾನ ತಪ್ಪದ್ದಾ?”

ನಾನು ಹೋಗಿ ನಾಡಿ ಹಿಡಿದೆ. ಬೆರಳು ತುಂಬ ಬಡಿಯುತ್ತಿತ್ತು. ತುಟಿ ಕೆಂಪಗಿತ್ತು. ಅಷ್ಟರಲ್ಲಿ ಅವಳು ಸಣ್ಣಗೆ ಗೊರಕೆ ಹೊಡೆದಳು.

“ಇಲ್ಲ,” ಎಂದೆ. “ನಿದ್ದೆ.”

ಮುದುಕಿ ನೆಲದ ಮೇಲೆ ಕುಸಿದು ಕೂತು, ಸೆರಗು ಬಾಯಿಗೆ ತುರುಕಿಕೊಂಡು, ಸೊಸೆಗೆ ಎಚ್ಚರವಾಗದ ಹಾಗೆ ಅತ್ತಳು. ಆಮೇಲೆ ಮಂಚದ ಕೆಳಗೆ ಕೈ ಹಾಕಿ ಬುಟ್ಟಿಯನ್ನು ಎಳೆದು, ಮೇಲಿನ ಹಳೇ ಸೀರೆ ತೆಗೆದು, ನೆಟ್ಟಗೆ ಮಾಡಿ ಬಾಗಿಲ ಹೊರಗಿಟ್ಟಳು.