ಮದುವೆಗೆ ಬಂದ ದುರ್ಗದ ಬ್ಯಾಂಡು

ನಮ್ಮ ಕಡೆ ಹುಡುಗಿಯರು ಗಂಡಿನ ಬಣ್ಣ, ಎತ್ತರ, ನೌಕರಿ ನೋಡಿ ಮದುವೆಗೆ ಒಪ್ಪುತ್ತಿದ್ದರು. ನಾನು ಬ್ಯಾಂಡ್ ಸೆಟ್ ನೋಡುವ ಆಸೆಗೆ ಒಪ್ಪಿದೆ. ಇದನ್ನು ಹೇಳಿದರೆ ನಮ್ಮ ಯಜಮಾನರು ಈಗಲೂ ಮುಖ ಊದಿಸಿಕೊಳ್ಳುತ್ತಾರೆ. ಆದರೆ ಸುಳ್ಳೇಕೆ ಹೇಳಲಿ?

ಶ್ರೀರಾಂಪುರದಲ್ಲಿ ನಮ್ಮ ಮನೆ ಇದ್ದದ್ದು ದೊಡ್ಡ ಬೀದಿಯ ಹಿಂದಿನ ಓಣಿಯಲ್ಲಿ. ಸ್ಥಿತಿವಂತರ ಮದುವೆಗೆ ದುರ್ಗದಿಂದ ಬ್ಯಾಂಡು ಬಂದರೆ ಮೆರವಣಿಗೆ ದೊಡ್ಡ ಬೀದಿಯಲ್ಲಿ ಹೋಗುತ್ತಿತ್ತು. ದೊಡ್ಡ ಡ್ರಮ್ಮಿಗೆ ಒಂದು ಏಟು ಬಿದ್ದರೆ ಸಾಕು, ನಮ್ಮ ಅಡುಗೆಮನೆಯ ಹಲಗೆಯ ಮೇಲಿದ್ದ ಹಿತ್ತಾಳೆ ತಟ್ಟೆಗಳು ಗಲಗಲ ಅನ್ನುತ್ತಿದ್ದವು. ನಾನು ಬಾಗಿಲ ತನಕ ಓಡುವಷ್ಟರಲ್ಲಿ ಅಜ್ಜಿ ಜಡೆ ಹಿಡಿದು ಎಳೆಯುತ್ತಿದ್ದಳು.

“ಹೆಣ್ ಹುಡುಗಿ ಗಂಡಸರ ಗುಂಪಿನಾಗೆ ನಿಂತು ಬ್ಯಾಂಡ್ ನೋಡ್ತಾಳೇನೇ? ಕೇಳಿಸ್ತೈತಲ್ಲ, ಅಷ್ಟು ಸಾಕು. ಒಳಗ್ ನಡಿ.”

ಅಣ್ಣ ಮಾತ್ರ ಹೋಗಿ ನೋಡಿ ಬರುತ್ತಿದ್ದ. ಟ್ರಂಪೆಟ್ ಊದುವವರ ಕೆನ್ನೆ ಪೂರಿಯ ಹಾಗೆ ಉಬ್ಬುತ್ತವಂತೆ, ಊದುವಾಗ ಒಂದು ಕಣ್ಣು ಮುಚ್ಚಿಕೊಳ್ಳುತ್ತಾರಂತೆ. ಹೊಟ್ಟೆ ಮುಂದೆ ಮಾಡಿಕೊಂಡು ನಡುಮನೆಯಲ್ಲೆಲ್ಲ ನಡೆದು ತೋರಿಸುತ್ತಿದ್ದ. ಅಣ್ಣ ಹುಟ್ಟಾ ಸುಳ್ಳುಗಾರ. ಇದನ್ನೆಲ್ಲ ನಾನೇ ಕಣ್ಣಾರೆ ನೋಡಬೇಕು ಅನ್ನುವುದು ನನ್ನ ಜೊತೆಗೇ ಬೆಳೆದು ಹಟವಾಯಿತು.

ಎಪ್ಪತ್ತರ ದಶಕದಲ್ಲಿ, ಹೊಸದುರ್ಗದಲ್ಲಿ ನನಗೆ ಟೀಚರ್ ಕೆಲಸ ಸಿಕ್ಕ ಮೇಲೆ, ಹೊಳಲ್ಕೆರೆಯ ಕಡೆಯ ಸಂಬಂಧ ಕೂಡಿ ಬಂತು. ಗಂಡು ಒಪ್ಪಿಗೆಯಾ ಎಂದು ಅಪ್ಪ ಕೇಳಿದರು.

“ಗಂಡು ಹೆಂಗಾರ ಇರ್ಲಿ ಅಪ್ಪಾಜಿ, ದುರ್ಗದ ಬ್ಯಾಂಡು ಬರ್ಬೇಕು” ಎಂದೆ.

ಬೀಗರಿಗೆ ವಾಲಗವೊಂದೇ ಸಾಕಿತ್ತು. ಬ್ಯಾಂಡಿನ ಗದ್ದಲ ಯಾಕೆ ಎಂದು ಮೂಗು ಮುರಿದರು. “ತಾಳಿಗೆ ವಾಲಗ, ಮೆರವಣಿಗೆಗೆ ಬ್ಯಾಂಡು, ಎರಡೂ ಇರ್ಲಿ ಬಿಡ್ರಿ” ಎಂದು ಅಪ್ಪ ಹೇಗೋ ಒಪ್ಪಿಸಿದರು.

ಮದುವೆಯ ದಿನ, ಬಿಸಿಲು ಇಳಿಯುತ್ತಿದ್ದಾಗ, ಟಾಪು ತೆಗೆದ ಜೀಪಿನಲ್ಲಿ ನಮ್ಮಿಬ್ಬರನ್ನು ಕೂರಿಸಿದರು. ನನ್ನ ಹಣೆಗೆ ಬಾಸಿಂಗ, ಕಣ್ಣ ಮುಂದೆ ಮಲ್ಲಿಗೆಯ ಎಳೆಗಳು. ತಲೆ ಎತ್ತಬಾರದೆಂದು ಅತ್ತೆಯ ಕಟ್ಟಪ್ಪಣೆ ಬೇರೆ. ಡ್ರಮ್ಮಿಗೆ ಮೊದಲ ಏಟು ಬಿತ್ತು, ಎದೆ ಝಲ್ಲೆಂದಿತು. ಎಳೆಗಳ ಸಂದಿಯಿಂದ ಕದ್ದು ನೋಡಿದೆ.

ಬರೀ ಬೆನ್ನುಗಳು! ಬೆವರಿಗೆ ಒದ್ದೆಯಾದ ಕೆಂಪು ಕೋಟುಗಳು, ಜರಿ ಕಿತ್ತುಹೋದ ಟೋಪಿಗಳು, ಅವುಗಳ ಕೆಳಗೆ ನರೆತ ಕೂದಲು. ಬ್ಯಾಂಡಿನವರು ಮದುಮಕ್ಕಳ ಮುಂದೆ ನಡೆಯುತ್ತಾರೆ, ನಡೆಯುವಾಗ ದಾರಿ ನೋಡುತ್ತಾರೆ. ಇಷ್ಟು ಸಣ್ಣ ವಿಷಯ ಈ ಟೀಚರಮ್ಮನ ತಲೆಗೆ ಹೊಳೆದೇ ಇರಲಿಲ್ಲ. ಊರಿಗೆಲ್ಲ ಅವರ ಮುಖ, ಹಟ ಮಾಡಿ ಕರೆಸಿದ ನನಗೆ ಬೆನ್ನು. ಅಳುವೇ ಬಂತು.

ಅಲ್ಲಿಯವರೆಗೆ ನನ್ನೊಡನೆ ಒಂದು ಮಾತೂ ಆಡಿರದ ಮದುಮಗ ಮೆಲ್ಲಗೆ ಕೇಳಿದರು: “ಅಪ್ಪನ ಮನೆ ಬಿಟ್ಟು ಬರಾಕೆ ಬೇಜಾರಾ?”

“ಅಲ್ರಿ. ಬ್ಯಾಂಡ್‌ನೋರ ಮುಖ ಕಾಣ್ತಿಲ್ಲ.”

ಅವರು ನನ್ನನ್ನೊಮ್ಮೆ, ಆ ಬೆನ್ನುಗಳನ್ನೊಮ್ಮೆ ನೋಡಿದರು. ಬಾಸಿಂಗ ಕಟ್ಟಿಕೊಂಡೇ ಜೀಪಿನಿಂದ ಕೆಳಗೆ ಹಾರಿದರು. ಮೆರವಣಿಗೆಯ ನಡುವೆ ಮದುಮಗ ಇಳಿಯಬಾರದೆಂದು ಅತ್ತೆ ಕೂಗುತ್ತಿದ್ದರೂ ನಿಲ್ಲದೆ, ಟ್ರಂಪೆಟ್ ಹಿಡಿದಿದ್ದ ಬ್ಯಾಂಡ್ ಮಾಸ್ಟರ್ ಬಳಿಗೆ ಹೋಗಿ, ಜೀಪಿನ ಕಡೆ ಮುಖ ಮಾಡಿ ಊದಲು ಹೇಳಿದರು.

“ಹಿಂದ್‌ಹಿಂದಕ್ಕೆ ನಡ್ಕಂತ ಊದಿದ್ರೆ ಚರಂಡಿಗೆ ಬೀಳ್ತೀವಿ ಸ್ವಾಮಿ” ಎಂದರು ಮಾಸ್ಟರ್.

“ಹಂಗಾರೆ ನೀವು ಹಿಂದೆ ಬರ್ರಿ. ಜೀಪು ಮುಂದೆ ಹೋಗ್ಲಿ.”

ಜೀಪು ಮುಂದಾಯಿತು. ನಾವಿಬ್ಬರೂ ಡ್ರೈವರಿಗೆ ಬೆನ್ನು ಹಾಕಿ ತಿರುಗಿ ಕುಳಿತೆವು. ಆರತಿ ತಟ್ಟೆ ಹಿಡಿದು ಮನೆಮನೆಯ ಮುಂದೆ ಕಾಯುತ್ತಿದ್ದ ಹೆಂಗಸರಿಗೆ ಈಗ ನಮ್ಮ ಬೆನ್ನೇ ಗತಿ. “ಇದ್ಯಾವ ಸೀಮೆ ಮದ್ವೇನೇ ತಾಯಿ!” ಎನ್ನುತ್ತಾ ಒಬ್ಬಾಕೆ ಜೀಪಿನ ಹಿಂದೆ ಓಡಿ ಬಂದು ಆರತಿ ಬೆಳಗಿದಳು. ಅತ್ತೆ ನಮ್ಮ ಕಡೆ ನೋಡುವುದನ್ನೇ ಬಿಟ್ಟರು.

ಅಂತೂ ನೋಡಿದೆ. ಅಣ್ಣ ಹೇಳಿದ್ದೆಲ್ಲ ನಿಜ, ಕೆನ್ನೆಯೂ ಕಣ್ಣೂ. ಆದರೆ ಮಾಸ್ಟರಿಗೆ ವಯಸ್ಸಾಗಿತ್ತು, ಮೇಲಿನ ಸ್ವರಕ್ಕೆ ದಮ್ಮು ಸಾಲುತ್ತಿರಲಿಲ್ಲ. ಅವರು ಎಡವಿದ ಕಡೆಯೆಲ್ಲ ಡ್ರಮ್ಮಿನವರು ಜೋರಾಗಿ ಒಂದು ಏಟು ಹಾಕಿ ಮುಚ್ಚಿಬಿಡುತ್ತಿದ್ದರು. ಆ ಕಳ್ಳಾಟ ಕಂಡು ನನಗೆ ಬ್ಯಾಂಡಿನ ಮೇಲೆ ಮೊದಲಿಗಿಂತ ಹೆಚ್ಚು ಪ್ರೀತಿ ಉಕ್ಕಿತು. ತಲೆ ತಗ್ಗಿಸುವುದು ಮರೆತು ಚಪ್ಪಾಳೆ ತಟ್ಟಿದೆ.

ದೇವಸ್ಥಾನದ ಮುಂದೆ ಜೀಪು ನಿಂತಾಗ ಮಾಸ್ಟರ್ ಟ್ರಂಪೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹತ್ತಿರ ಬಂದರು. ಬೈಯುತ್ತಾರೇನೋ ಅಂದುಕೊಂಡೆ.

“ಎಷ್ಟು ಮದ್ವೆಗೆ ಊದಿದೀನೋ ಲೆಕ್ಕ ಇಲ್ಲ ಕಣವ್ವ” ಎಂದರು. “ಯಾವಾಗ್ಲೂ ಮುಂದೆ ನಡೀತಿರ್ತೀವಿ. ಮೆರವಣಿಗೆ ಮುಗೀತಿದ್ದಂಗೆ ಹಿತ್ಲಾಗೆ ಉಣ್ಣಕಿಕ್ಕಿ ಕಳಿಸ್ತಾರೆ. ಮದುಮಗಳ ಮುಖ ನಾವು ಒಂದ್ಸಲಾನೂ ಸರಿಯಾಗಿ ನೋಡಿಲ್ಲ.”

ನಾನು ಮಲ್ಲಿಗೆಯ ಎಳೆಗಳನ್ನು ಎರಡೂ ಕೈಯಿಂದ ಸರಿಸಿ ತಲೆ ಎತ್ತಿದೆ. ಅತ್ತೆ ನೋಡುತ್ತಿದ್ದರು, ನೋಡಲಿ ಬಿಡು ಅಂದುಕೊಂಡೆ. ಬ್ಯಾಂಡಿನವರು ಟೋಪಿ ತೆಗೆದು, ಒಬ್ಬೊಬ್ಬರಾಗಿ ಬಂದು ನನ್ನ ಮುಖ ನೋಡಿ ಹೋದರು.