ತಪ್ಪು ದಿನ ಹುಟ್ಟಿದ ಗಿಟಾರ್ ವಾದಕ

ಕಳೆದ ವಾರ ಹಳೆಯ ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ನಮ್ಮೂರು ಮಧುಗಿರಿಯ ಕ್ಯಾಸೆಟ್ ಅಂಗಡಿಯವರು ನೆನಪಾದರು.

ಬಸ್ ನಿಲ್ದಾಣದಿಂದ ಬೆಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಅಂಗಡಿ. ಹಣೆಯಲ್ಲಿ ಮೂರು ಗೆರೆ ವಿಭೂತಿ, ಕಿವಿಯ ಮೇಲೊಂದು ಸಣ್ಣ ಸ್ಕ್ರೂಡ್ರೈವರ್. ಮಾರುತ್ತಿದ್ದದ್ದು ಭಕ್ತಿಗೀತೆ, ಸಿನಿಮಾ ಹಾಡು. ತಾವು ಕೇಳುತ್ತಿದ್ದದ್ದು ಮಾತ್ರ ಇಂಗ್ಲಿಷಿನ ಹಳೆಯ ರಾಕ್ ಸಂಗೀತ. ಆ ಗಾಯಕರ, ವಾದಕರ ಹುಟ್ಟುಹಬ್ಬವನ್ನು ತಪ್ಪದೆ ಆಚರಿಸುತ್ತಿದ್ದರು. ಬಾಗಿಲ ಮುಂದಿನ ಕರಿಹಲಗೆಯ ಮೇಲೆ ಅವರ ಬಗ್ಗೆ ನಾಲ್ಕು ಸಾಲು, ಸ್ಟೂಲಿನ ಮೇಲೆ ಕ್ಯಾಸೆಟ್, ಅದಕ್ಕೊಂದು ಸೇವಂತಿಗೆ ಹಾರ, ಬಂದವರಿಗೆ ಕಲ್ಲುಸಕ್ಕರೆ.

ಹಾರ ಕಂಡ ಐ.ಡಿ.ಹಳ್ಳಿಯ ರೈತರೊಬ್ಬರು ಒಮ್ಮೆ ಚಪ್ಪಲಿ ಬಿಟ್ಟು ಕೈಮುಗಿದು ಕೇಳಿದ್ದರು: "ಯಾವಾಗ ಹೋಗ್ಬುಟ್ರು ಸ್ವಾಮಿ?"

"ಹೋಗಿಲ್ಲ ಕಣಪ್ಪ, ಹುಟ್ಟವ್ನೆ. ತಗೋ, ಬಾಯಿ ಸಿಹಿ ಮಾಡ್ಕೋ."

ನಾನಾಗ ತುಮಕೂರಿನಲ್ಲಿ ಡಿಗ್ರಿ ಓದುತ್ತಾ ಅಲ್ಲಿನ ವಾರಪತ್ರಿಕೆಯೊಂದಕ್ಕೆ ಸುದ್ದಿ ಬರೆಯಲು ಶುರುಮಾಡಿದ್ದೆ. ಊರಿಗೆ ಬಂದಾಗಲೆಲ್ಲ ಮೊದಲು ಆ ಅಂಗಡಿ. ಒಂದು ವರ್ಷ ನನ್ನ ಹುಟ್ಟುಹಬ್ಬದ ದಿನ ಹಲಗೆಯ ಮೇಲೆ ನಾನು ಬಹಳ ಮೆಚ್ಚಿದ್ದ ಗಿಟಾರ್ ವಾದಕನ ಹೆಸರಿತ್ತು.

"ಲೇ, ನೀನ್ ಹುಟ್ಟಿದ್ ದಿನಾನೇ ಅವ್ನೂ ಹುಟ್ಟಿರಾದು ಕಣ್ಲಾ," ಎಂದು ಆ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟರು.

ಎಂಥ ಹೆಮ್ಮೆ ಅದು... ಮರುವರ್ಷ ಅದನ್ನೇ ಪತ್ರಿಕೆಗೆ ಬರೆಯುತ್ತೇನೆ ಎಂದಾಗ, "ಬರಿ ಬರಿ, ನಾಕ್ ಜನ ತಿಳ್ಕೊಳ್ಲಿ," ಎಂದರು. ಸಂಪಾದಕರು ತಾರೀಕು ಖಚಿತವೇ ಎಂದು ಕೇಳಿದರು. ಖಚಿತ ಎಂದೆ. ನನ್ನ ಹೆಸರಿನೊಂದಿಗೆ ಅಚ್ಚಾದ ಮೊದಲ ಬರಹ ಅದು.

ವಾರದೊಳಗೆ ಶಿರಾದ ಓದುಗರೊಬ್ಬರ ಪತ್ರ ಬಂತು, ಜೊತೆಗೆ ವಿದೇಶಿ ಸಂಗೀತ ಪತ್ರಿಕೆಯ ಪುಟ. ದಿನ ತಪ್ಪು, ತಿಂಗಳೂ ತಪ್ಪು. ಸಂಪಾದಕರು ಬೈಯಲಿಲ್ಲ. ತಿದ್ದುಪಡಿಯನ್ನು ನನ್ನಿಂದಲೇ ಬರೆಸಿ, ಇನ್ನು ತಾವು ಹೇಳುವವರೆಗೆ ನನ್ನ ಹೆಸರು ಅಚ್ಚಾಗುವುದಿಲ್ಲ ಎಂದರು.

ಊರಿಗೆ ಬಂದವನು ನೇರ ಅಂಗಡಿಗೆ ಹೋದೆ. ಹಲಗೆಯ ಮೇಲೆ ಅದೇ ಗಿಟಾರ್ ವಾದಕ. ಅವತ್ತೂ ಅವನ ಹುಟ್ಟುಹಬ್ಬ! ಒಳಗೆ ಕೊರಟಗೆರೆ ಬಸ್ಸಿನ ಕಂಡಕ್ಟರ್ ಕಲ್ಲುಸಕ್ಕರೆ ಚೀಪುತ್ತಾ ಕೂತಿದ್ದ. "ನಾನೂ ಇವ್ನೂ ಒಂದೇ ದಿನ ಹುಟ್ಟಿರಾದು, ಗೊತ್ತಾ ಸಾ?" ಎಂದು ನನ್ನೆದುರು ಬೀಗಿದ.

ಗೋಡೆಯ ಮೇಲೆ ನನ್ನ ಬರಹ ಅಂಟಿಸಿತ್ತು. ತಾರೀಕಿದ್ದ ಮೊದಲ ಸಾಲನ್ನಷ್ಟೇ ಕತ್ತರಿಯಿಂದ ನೀಟಾಗಿ ತೆಗೆದಿದ್ದರು.

ಕಂಡಕ್ಟರ್ ಎದ್ದು ಹೋದ ಮೇಲೆ ಕೇಳಿದೆ: "ನಂಗಾದ್ರೂ ನಿಜ ಹೇಳ್ಬೋದಿತ್ತಲ್ಲಣ್ಣ?"

"ಕ್ಯಾಸೆಟ್ ಮೇಲೆ ಹುಟ್ಟಿದ್ ತಾರೀಕು ಎಲ್ಲಿರ್ತದ್ಲಾ? ಕೇಳೋರ್ ಹುಟ್ಟಿದ್ ದಿನಾನೇ ಹಾಕುದ್ರೆ ಕೂತ್ಕಂಡು ಪೂರ್ತಿ ಕೇಳ್ತಾರೆ. ನಿಂಗೆ ಅವತ್ತು ಸಂತೋಸ ಆಯ್ತೋ ಇಲ್ವೋ, ಅಷ್ಟೇಳು."

"ನನ್ ಹೆಸ್ರೋಯ್ತಣ್ಣ."

ಅವರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿಕೊಂಡು, ಯಾರದೋ ಟೇಪ್ ರೆಕಾರ್ಡರಿನ ಮೇಲೆ ಬಗ್ಗಿದರು. ನಾನು ಮತ್ತೆಂದೂ ಆ ಬಾಗಿಲಿಗೆ ಹೋಗಲಿಲ್ಲ.

ಕೆಲವು ವರ್ಷಗಳ ಹಿಂದೆ ಅವರ ನಿಧನದ ಸುದ್ದಿ ನಾನು ಕೆಲಸ ಮಾಡುವ ಪತ್ರಿಕೆಯ ಡೆಸ್ಕಿಗೇ ಬಂತು. ನಾಲ್ಕು ಸಾಲು. ಮನೆಯವರಿಗೆ ಫೋನ್ ಮಾಡಿ ವಯಸ್ಸನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡು ಅಚ್ಚಿಗೆ ಕಳಿಸಿದೆ. ಫೋನ್ ಮಾಡಿದ ನಾನು ಯಾರೆಂದು ಹೇಳಲಿಲ್ಲ. ಹೇಳಬಹುದಿತ್ತು...

ಹೆಡ್ ಒರೆಸಿದ ಮೇಲೆ ಅವರು ಕೊಟ್ಟ ಕ್ಯಾಸೆಟ್ಟನ್ನೇ ಹಾಕಿದೆ. ಕೂತು ಪೂರ್ತಿ ಕೇಳಿದೆ. ಆ ವಾದಕ ನಿಜಕ್ಕೂ ಹುಟ್ಟಿದ ದಿನವನ್ನು ತಿದ್ದುಪಡಿಯಲ್ಲಿ ಬರೆದವನು ನಾನೇ. ಆದರೂ ಅದನ್ನು ಇವತ್ತಿಗೂ ಎಲ್ಲಾದರೂ ನೋಡಿಕೊಂಡೇ ಹೇಳಬೇಕು. ನೋಡದೆ ಬಾಯಿಗೆ ಬರುವುದು ಅವರು ಕೊಟ್ಟ ದಿನವೇ.