ಮುಳ್ಳು ಕೆಳಗೆ ಬಿದ್ದಾಗ

ಗೆಳೆಯರೇ, ಇವತ್ತು ನಾನು ಓಡಿಸುವ ಸರ್ವೀಸ್ ಮೋಟಾರು ಬಸ್ಸು ತಳಕಲ್ ಹತ್ತಿರ ಕೆಟ್ಟು ನಿಂತಿತು.

ಮುಂದೆ ಕೂತಿದ್ದ ಹೆಂಡತಿ, ಎಣ್ಣೆಯ ಒತ್ತಡ ತೋರಿಸುವ ಮೀಟರಿನತ್ತ ಬೆರಳು ಮಾಡಿ, "ಮುಳ್ಳು ಪೂರಾ ಕೆಳಗ ಬಿದ್ದೈತಲ್ರಿ?" ಎಂದಿದ್ದಳು.

"ಸುಮ್ನ ಕೂಡು. ಇದು ನಿನ್ನ ಒಲಿ ಅಲ್ಲ" ಎಂದೆ. ಹಿಂದಿದ್ದವರು ನಕ್ಕರು. ಆ ಹುರುಪಿನಲ್ಲಿ ಇನ್ನೂ ಜೋರಾಗಿ ಓಡಿಸಿದೆ. ಎಣ್ಣೆಯಿಲ್ಲದ ಇಂಜಿನ್ ಕಟಕಟ ಅಂದು, ತಿರುಗದಂತೆ ಹಿಡಿದುಕೊಂಡೇಬಿಟ್ಟಿತು.

ಸುದ್ದಿ ತಿಳಿದು ಯಲಬುರ್ಗಾದಿಂದ ಮೋಟಾರಿನ ಸಾಹುಕಾರರೇ ಬಂದರು. "ಯುದ್ಧದ ಕಾಲದಾಗ ಇದರ ಸಾಮಾನು ಎಲ್ಲಿ ಸಿಗತಾವಲೇ? ಮುಳ್ಳು ನೋಡಲಿಲ್ಲೇನು?"

ನಾನು ತಡವರಿಸುವಷ್ಟರಲ್ಲಿ ಹೆಂಡತಿ, "ತಪ್ಪು ನಂದರಿ ಸಾವ್ಕಾರ್ರ. ನಾನ ಇವರನ್ನ ಮಾತಿಗೆ ಹಚ್ಚಿದ್ದೆ" ಎಂದಳು.

ನನ್ನ ಕೆಲಸ ಉಳಿಯಿತು. ಬೈಗುಳವನ್ನೆಲ್ಲ ಆಕೆ ತಿಂದಳು. ಪಕ್ಕದಲ್ಲೇ ನಿಂತಿದ್ದ ನಾನು, ಹೌದೆಂದು ತಲೆಯನ್ನೂ ಆಡಿಸಿದೆ, ನೋಡಿ.